ಕಾಳು ತೊಳೆದ ನೀರು

ನನ್ನ ಹೊಟ್ಟೆಪಾಡು ಬೂಷ್ಟು. ಮನೆಯ ಅಡುಗೆಕಟ್ಟೆಯ ಮೇಲೆ ಅದರ ಒಂದು ಚುಕ್ಕೆ ಕಂಡರೂ ಎಲ್ಲರ ಹಾಗೆ ನಾನೂ ಮುಖ ಸಿಂಡರಿಸಿ ಒರೆಸಿಹಾಕುತ್ತೇನೆ. ಆಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು ಬಸ್ಸು ಹತ್ತಿ ಹೋಗಿ, ದಿನವಿಡೀ ಅದನ್ನೇ ಮಕ್ಕಳನ್ನು ಸಾಕಿದ ಹಾಗೆ ಸಾಕುತ್ತೇನೆ.

ಜಾನುವಾರು ರೋಗಗಳ ಪ್ರಯೋಗಾಲಯದಲ್ಲಿ ನನ್ನದು ಮೇಲಿನ ಮಹಡಿಯ ಕೊನೆಯ ಕೋಣೆ. ಕಿಟಕಿ ತೆರೆದರೆ ಸೈಕಲ್ ಸ್ಟ್ಯಾಂಡು, ಅದರಾಚೆ ಒಗೆದ ಬಿಳಿ ಕೋಟುಗಳನ್ನು ಒಣಹಾಕುವ ತಂತಿ. ಒಳಗೆ ಗೋಡೆಯುದ್ದಕ್ಕೂ ಗಾಜಿನ ಸೀಸೆಗಳು. ಬಾರ್ಲಿ ಕಾಳನ್ನು ದೊಡ್ಡ ಕುಕ್ಕರಿನಲ್ಲಿ ಬೇಯಿಸಿ, ಆರಿಸಿ, ಸೀಸೆಗೆ ತುಂಬಿ, ಮೇಲೆ ಬೂಷ್ಟಿನ ಒಂದು ಚೂರು ಇಟ್ಟು ಬೆಚ್ಚಗೆ ಬಿಟ್ಟರೆ, ಕೆಲವು ವಾರಗಳಲ್ಲಿ ಕಾಳಿನ ಮೇಲೆಲ್ಲ ಬೂದುಬಣ್ಣದ ನವಿರಾದ ಹೊದಿಕೆ ಹಬ್ಬುತ್ತದೆ. ಇದು ಬ್ರೆಡ್ಡಿನ ಮೇಲೆ ಬರುವ ಸೋಮಾರಿ ಬೂಷ್ಟಲ್ಲ. ಇದು ಬೇಟೆಗಾರ. ಇದರ ಬೀಜಕಣ ಕುರಿಯ ಹೊಟ್ಟೆಗೆ ಹೋದರೂ ಅರಗುವುದಿಲ್ಲ. ಹಾಗೇ ಹಿಕ್ಕೆಯ ಜೊತೆ ಹೊರಬಂದು, ಅಲ್ಲಿ ಮೊಳೆತು, ಬಲೆ ನೇಯುತ್ತದೆ. ಹಿಕ್ಕೆಯಲ್ಲಿ ಮೊಟ್ಟೆಯೊಡೆದು ಹೊರಬರುವ ಜಂತುಹುಳುವಿನ ಮರಿ ಆ ಬಲೆಗೆ ಸಿಕ್ಕಿಕೊಂಡು ಒದ್ದಾಡಿ ಸಾಯುತ್ತದೆ. ಹುಲ್ಲಿನ ತುದಿಗೆ ಹತ್ತಿ ಇನ್ನೊಂದು ಕುರಿಯ ಬಾಯಿಗೆ ಬೀಳುವ ಭಾಗ್ಯ ಅದಕ್ಕಿಲ್ಲ.

ಮೊದಲ ಸಲ ಮೈಕ್ರೋಸ್ಕೋಪಿನಲ್ಲಿ ಆ ಬಲೆಯನ್ನು ನೋಡಿದಾಗ ನನಗೆ ಕ್ರೋಶಾ ಕಡ್ಡಿಯಲ್ಲಿ ಹೆಣೆದ ಕುಸುರಿ ನೆನಪಾಗಿತ್ತು. ಯಾವುದೋ ತಾಳ್ಮೆಯ ಹೆಂಗಸು ಕತ್ತಲಲ್ಲಿ ಕೂತು ಕುಣಿಕೆಗೆ ಕುಣಿಕೆ ಸೇರಿಸಿ ಹೆಣೆದ ಹಾಗಿತ್ತು.

ನನ್ನ ನಾದಿನಿಗೆ ಕುರಿಗಳಿವೆ. ಅವಳನ್ನು ಹುಟ್ಟಿದಾಗಿನಿಂದ ಎಲ್ಲರೂ ದೊರೆ ಎಂದೇ ಕರೆಯುವುದು. ತೊಟ್ಟಿಲಲ್ಲಿದ್ದಾಗಲೇ ಮನೆಮಂದಿಯನ್ನೆಲ್ಲ ಕುಣಿಸುತ್ತಿದ್ದಳಂತೆ. ದೊಡ್ಡವಳಾದ ಮೇಲೆ ಮದುವೆಯ ಮಾತು ಬಂದಾಗಲೆಲ್ಲ ‘ಈಗ ಕುರಿ ಈಯೋ ಹೊತ್ತು, ಆಮೇಲೆ ನೋಡೋಣ’ ಎಂದು ಮುಂದೂಡಿ, ಕೊನೆಗೆ ಮಾತು ಎತ್ತುವವರೇ ಸುಸ್ತಾಗಿ ಬಿಟ್ಟರು. ಅವಳೂ ನನ್ನ ಅತ್ತೆಯೂ ನಗರದ ಹೊರಗೆ, ಬಸ್ಸಿನ ಕೊನೆಯ ನಿಲ್ದಾಣದಿಂದಾಚೆ, ಹುಲ್ಲುಗಾವಲಿನ ಅಂಚಿನ ಮನೆಯಲ್ಲಿರುತ್ತಾರೆ. ಇಬ್ಬರಿಗೂ ದಿನಕ್ಕೊಂದು ಜಗಳವಾಗದಿದ್ದರೆ ಊಟ ಸೇರುವುದಿಲ್ಲ.

ಹಿಂದಿನ ಮಳೆಗಾಲ ಆ ಮನೆಯಲ್ಲಿ ಜಗಳವೂ ನಿಂತುಹೋಗಿತ್ತು. ಮಂದೆಗೆ ಜಂತುಹುಳು ಬಿದ್ದಿತ್ತು, ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹುಳು. ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರೆ ಒಳಗೆ ಕೆಂಪಿರಬೇಕಾದಲ್ಲಿ ಕಾಗದದಂಥ ಬಿಳುಪು, ಗದ್ದದ ಕೆಳಗೆ ನೀರು ತುಂಬಿದ ಚೀಲ, ಆಮೇಲೆ ಒಂದು ಬೆಳಿಗ್ಗೆ ಮರಿ ಏಳುವುದಿಲ್ಲ. ವರ್ಷಗಟ್ಟಲೆ ಒಂದೇ ಮದ್ದು ಕುಡಿಸಿ ಕುಡಿಸಿ ಹುಳುಗಳಿಗೆ ಅದು ಶರಬತ್ತಾಗಿತ್ತು. ಬೇರೆ ಮದ್ದು ಇತ್ತು. ಅದನ್ನೂ ಹಾಗೇ ಸುರಿದರೆ ಅದರ ಗತಿಯೂ ಅದೇ. ದೊರೆ ಸತ್ತ ಮರಿಗಳನ್ನು ತಾನೇ ಹೂತಳು. ಕೊನೆಯ ಮರಿಯನ್ನು ಹೂತು ಬಂದು ಕೈ ತೊಳೆಯದೆ ಮೆಟ್ಟಿಲ ಮೇಲೆ ಕೂತು, ಯಾರ ಮುಖವನ್ನೂ ನೋಡದೆ ಹೇಳಿದಳು.

“ಇನ್ನೊಂದೇ ಮಳೆಗಾಲ ಅತ್ತಿಗೆ. ಮತ್ತೆ ಹೀಗಾದ್ರೆ ಮಂದೆ ಕೊಟ್ಟುಬಿಡ್ತೀನಿ. ಸಾಕೋಕೆ ಕೈಲಾಗುತ್ತೆ, ಹೂಳೋಕೆ ಆಗಲ್ಲ.”

ಕುರಿಗಳಿಲ್ಲದ ದೊರೆಯನ್ನು ಕಲ್ಪಿಸಿಕೊಳ್ಳಲು ನನಗೆ ಆಗಲಿಲ್ಲ. ಅವಳ ನಡಿಗೆಯೇ ಅವುಗಳನ್ನು ಹಿಂದೆ ಕಟ್ಟಿಕೊಂಡವಳ ನಡಿಗೆ; ಪೇಟೆಗೆ ಒಬ್ಬಳೇ ಬಂದಾಗಲೂ ರಸ್ತೆಯ ತಿರುವಿನಲ್ಲಿ ನಿಂತು ಹಿಂದಿರುಗಿ ನೋಡುತ್ತಾಳೆ.

ನಮ್ಮ ಬೂಷ್ಟನ್ನು ನಿಜವಾದ ಮಂದೆಯಲ್ಲಿ ಪರೀಕ್ಷಿಸಬೇಕೆಂದು ನಮ್ಮ ದೊಡ್ಡ ಡಾಕ್ಟರು ಜಾಗ ಹುಡುಕುತ್ತಿದ್ದರು. ನಾನು ದೊರೆಯ ಮಂದೆಯನ್ನು ಹೇಳಿದೆ. ಅವಳಿಗೆ ಚಿತ್ರ ಬರೆದು ಎಲ್ಲವನ್ನೂ ವಿವರಿಸಿದೆ. ಅವಳು ಗದ್ದಕ್ಕೆ ಕೈ ಕೊಟ್ಟು ಕೇಳಿ, ಹುಳು ಹೊಟ್ಟೆಯಲ್ಲಿರುವಾಗ ಇದು ಹಿಕ್ಕೆಯಲ್ಲಿ ಕೂತು ಏನು ಮಾಡುತ್ತದೆ ಎಂದು ಕೇಳಿದಳು. ಒಳಗಿರುವುದನ್ನು ಇದು ಮುಟ್ಟುವುದಿಲ್ಲ, ಹೊರಗಿನಿಂದ ಹೊಸತು ಬರದ ಹಾಗೆ ಬಾಗಿಲು ಹಾಕುತ್ತದೆ, ಹುಲ್ಲು ನಿಧಾನವಾಗಿ ಚೊಕ್ಕವಾಗುತ್ತದೆ ಎಂದೆ. ಅತ್ತೆ ಪಕ್ಕದಲ್ಲೇ ಬಟಾಣಿ ಸುಲಿಯುತ್ತಿದ್ದರು. ಅವರ ಕಿವಿಗೆ ಬಿದ್ದದ್ದು ಕಾಳಿನಲ್ಲಿ ಮದ್ದಿದೆ ಎಂಬಷ್ಟು ಮಾತ್ರ.

ಮಂದೆಯನ್ನು ಎರಡು ಮಾಡಿದೆವು. ಎಲ್ಲಕ್ಕೂ ಒಂದು ಸಲ ಹೊಸ ಮದ್ದು ಕುಡಿಸಿ, ಅರ್ಧಕ್ಕೆ ಬೆನ್ನ ಮೇಲೆ ನೀಲಿ ಬಣ್ಣದ ಗುರುತು ಹಾಕಿ ಮೇಲಿನ ಗಾವಲಿಗೆ ಬಿಟ್ಟೆವು. ಉಳಿದರ್ಧಕ್ಕೆ ಹಳದಿ, ಅವು ಮನೆಯ ಹಿಂದಿನ, ಕೆಳಗಿನ ಗಾವಲಿಗೆ. ನೀಲಿಗೆ ದಿನವೂ ಬೂಷ್ಟಿನ ಕಾಳು, ಹಳದಿಗೆ ಬರೀ ಕಾಳು. ಎರಡೂ ಕಡೆ ಸಮನಾಗಿ ಹಿಕ್ಕೆ, ಸಮನಾಗಿ ಹುಲ್ಲು. ಬಣ್ಣದ ಕೈಯಲ್ಲೇ ದೊರೆ ನನ್ನ ಕೆನ್ನೆಗೂ ಒಂದು ನೀಲಿ ಗೆರೆ ಎಳೆದು, ‘ನೀನೂ ಆ ಕಡೆಯವಳೇ’ ಎಂದಳು.

ಬೇಲಿ, ಮರಿ, ಗಾಯ, ಗೊರಸು ಎಂದು ದೊರೆಗೆ ಬೆಳಿಗ್ಗೆ ಕೈ ಬಿಡುವಿರುತ್ತಿರಲಿಲ್ಲ. ಕಾಳು ಹಂಚುವ ಕೆಲಸವನ್ನು ಅತ್ತೆ ತಾವಾಗಿಯೇ ಮೈಮೇಲೆ ಹಾಕಿಕೊಂಡರು. ಪ್ರಯೋಗಾಲಯದಲ್ಲಿ ಕೆಲಸ ಏರಿದ್ದರಿಂದ ನನಗೆ ಹೋಗಲಾಗಲಿಲ್ಲ. ಚೀಲಗಳನ್ನು ಹಾಲಿನ ವ್ಯಾನಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೆ.

ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಅವರ ಅಡುಗೆಮನೆಯಲ್ಲಿ ಯಾವುದೂ ದಂಡವಾಗುವುದಿಲ್ಲ. ಹಿಂಬದಿಯ ಗೋಡೆಯಲ್ಲೊಂದು ತೂತು, ಅದಕ್ಕೊಂದು ಕಲ್ಲಿನ ದೋಣಿ. ಪಾತ್ರೆ ಗಲಬರಿಸಿದ ನೀರು, ಅಕ್ಕಿ ತೊಳೆದ ನೀರು, ತರಕಾರಿ ಬೇಯಿಸಿದ ನೀರು ಎಲ್ಲ ಅಲ್ಲಿ ಸುರಿದರೆ ಗೋಡೆಯಾಚೆಯ ಕಲಗಚ್ಚಿನ ತೊಟ್ಟಿಗೆ ಹೋಗಿ ಬೀಳುತ್ತದೆ. ಪಾತ್ರೆಯ ಸದ್ದು ಕೇಳಿದರೆ ಸಾಕು, ಹಿಂದಿನ ಗಾವಲಿನ ಕುರಿಗಳು ಮದುವೆಮನೆಯ ಪಂಕ್ತಿಗೆ ನುಗ್ಗುವವರ ಹಾಗೆ ಗೋಡೆಗೆ ಮುತ್ತುತ್ತವೆ. ನಾನು ಮದುವೆಯಾಗಿ ಬಂದಂದಿನಿಂದ ಇದನ್ನು ನೋಡುತ್ತಿದ್ದೇನೆ. ಎಷ್ಟು ನೋಡಿದ್ದೇನೆಂದರೆ, ಪರೀಕ್ಷೆಯ ನಕ್ಷೆ ಬರೆಯುವಾಗ ಆ ತೊಟ್ಟಿ ನನ್ನ ಕಣ್ಣಿಗೇ ಬೀಳಲಿಲ್ಲ.

ಆ ಚೊಕ್ಕತನದ ಎದುರು ನಾನು ಯಾವಾಗಲೂ ಒಂದು ಹಿಡಿ ಕುಗ್ಗಿಯೇ ನಿಂತವಳು. ನಾನು ತೊಳೆದಿಟ್ಟ ಲೋಟವನ್ನು ಅವರು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ. ಏನೂ ಅನ್ನುವುದಿಲ್ಲ. ಆ ಏನೂ ಅನ್ನದಿರುವುದೇ ನನಗೆ ಇಷ್ಟು ವರ್ಷ ಕಿವಿಯಲ್ಲಿ ಗುಂಯ್‌ಗುಟ್ಟಿದೆ.

ಮಳೆ ಶುರುವಾಗಿ ಹುಲ್ಲು ಚಿಗುರಿತು. ಮೊದಮೊದಲು ದೊರೆಯ ಫೋನಿನಲ್ಲಿ ನಗುವಿತ್ತು. ಬರಬರುತ್ತ ಮಾತು ಕಡಿಮೆಯಾಯಿತು. ಒಂದು ದಿನ ನಾನು ಊಟದ ಡಬ್ಬಿ ಬಿಚ್ಚುವಾಗ ಫೋನು ಬಂತು.

“ಅತ್ತಿಗೆ, ಬೇಜಾರು ಮಾಡ್ಕೋಬೇಡ. ನಿನ್ನ ಮದ್ದು ತಿಂದವು ಬಿಳಿಚ್ಕೊಂಡು ನಿಂತಿವೆ. ತಿನ್ನದೇ ಇರೋವು ಕುಣೀತಾ ಇವೆ.”

ನೀಲಿ ಗುಂಪಿನ ಎರಡು ಮರಿಗಳ ಗದ್ದ ಊದಿಕೊಂಡಿದೆ ಎಂದಳು. ನಾನು ತಡೆದು, ಮದ್ದು ಕೆಲಸ ಮಾಡದಿದ್ದರೆ ಎರಡೂ ಕಡೆ ಒಂದೇ ತರ ಬಿಳಿಚಬೇಕಲ್ಲ ಎಂದೆ. ಅವಳಿಗೆ ತರ್ಕ ಬೇಕಿರಲಿಲ್ಲ. ಮತ್ತೆ ಗುಂಡಿ ತೋಡುವ ಶಕ್ತಿ ನನಗಿಲ್ಲ, ದಲ್ಲಾಳಿಗೆ ಹೇಳಿಕಳಿಸಿದ್ದೇನೆ, ಭಾನುವಾರ ಲಾರಿ ತರುತ್ತಾನೆ, ಮಂದೆ ಪೂರ್ತಿ ಅವನಿಗೆ ಎಂದು ಹೇಳಿ ಫೋನಿಟ್ಟಳು. ಡಬ್ಬಿಯಲ್ಲಿದ್ದದ್ದು ಡಬ್ಬಿಯಲ್ಲೇ ಉಳಿಯಿತು.

ಶನಿವಾರ ಮೈಕ್ರೋಸ್ಕೋಪನ್ನು ಹಳೆಯ ಶಾಲಿನಲ್ಲಿ ಸುತ್ತಿ, ಮಗುವನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಪಕ್ಕದ ಸೀಟಿನ ಅಜ್ಜಿ ಶಾಲಿನೊಳಗೆ ಇಣುಕಿ ನೋಡಿ ನಿರಾಸೆಪಟ್ಟಳು.

ದೊರೆ ಬಾಗಿಲಲ್ಲಿ ನನ್ನ ಚೀಲ ತೆಗೆದುಕೊಂಡಳು, ಮುಖ ಕೊಡಲಿಲ್ಲ. ಅತ್ತೆ ಕಾಫಿ ತಂದಿಟ್ಟು ನನ್ನ ಭುಜವನ್ನೊಮ್ಮೆ ಒತ್ತಿ ಹೋದರು. ಅದು ಅವರ ಅಭ್ಯಾಸವಲ್ಲ. ಸೋತು ಬಂದವಳನ್ನು ಸಮಾಧಾನ ಮಾಡುವ ರೀತಿ ಎಂದುಕೊಂಡೆ. ನಾನು ಎರಡೂ ಗಾವಲಿಗೆ ಹೋಗಿ ಕೆಲವು ದಿನ ಹಳೆಯ ಹಿಕ್ಕೆಗಳನ್ನು ಆರಿಸಿ ತಂದು, ಕಿಟಕಿಯ ಬೆಳಕಿಗೆ ಮೈಕ್ರೋಸ್ಕೋಪು ಇಟ್ಟುಕೊಂಡು ಕೂತೆ.

ಮೊದಲು ನೀಲಿಯವುಗಳದು. ಹುಳುಮರಿಗಳು ಚಾವಟಿಯ ಹಾಗೆ ಬಳುಕುತ್ತ, ಯಾವ ಭಯವೂ ಇಲ್ಲದೆ ಓಡಾಡುತ್ತಿದ್ದವು. ಬಲೆಯ ಒಂದು ಎಳೆಯೂ ಇಲ್ಲ. ಹತಾಶಳಾಗಿ, ಬರೀ ಲೆಕ್ಕ ಮುಗಿಸಲೆಂದು ಹಳದಿಯವುಗಳದನ್ನು ಇಟ್ಟು ಕಣ್ಣು ಹಚ್ಚಿದೆ.

ಅಲ್ಲಿತ್ತು ನನ್ನ ಕುಸುರಿ.

ಕುಣಿಕೆಗೆ ಕುಣಿಕೆ, ಬಲೆಗೆ ಬಲೆ, ಅದರೊಳಗೆ ಸೊಂಟಕ್ಕೆ ಉರುಳು ಬಿದ್ದು ನಿಶ್ಚಲವಾದ ಹುಳುಮರಿಗಳು. ತಟ್ಟೆ ಅದಲುಬದಲಾಯಿತೇನೋ ಎಂದು ಮತ್ತೆ ಗಾವಲಿಗೆ ಓಡಿ ಬೇರೆ ಹಿಕ್ಕೆ ತಂದು ನೋಡಿದೆ. ಅದೇ. ಬೂಷ್ಟು ತಿನ್ನದ ಕುರಿಗಳ ಹಿಕ್ಕೆಯಲ್ಲಿ ನನ್ನ ಬೂಷ್ಟು ರಾಜ್ಯಭಾರ ಮಾಡುತ್ತಿತ್ತು. ತಿಂದವುಗಳಲ್ಲಿ ಅದರ ಸುಳಿವೇ ಇರಲಿಲ್ಲ.

ಚೀಲ ಬದಲಾಗಿರಬಹುದೇ ಎಂದು ದೊರೆಯನ್ನು ಕೇಳಿದೆ. ಅವಳಿಗೆ ಉರಿದುಹೋಯಿತು.

“ನೀಲಿ ಯಾವುದು, ಹಳದಿ ಯಾವುದು ಅಂತ ಗೊತ್ತಾಗದೇ ಇರೋಕೆ ನಾನೇನು ಕುರಿಯಾ?”

ಅತ್ತೆಯೂ ತಲೆ ಅಲ್ಲಾಡಿಸಿದರು. ನೀಲಿ ದಾರ ಕಟ್ಟಿದ ಚೀಲ ಮೇಲಿನವುಕ್ಕೆ, ಹಳದಿ ದಾರದ್ದು ಕೆಳಗಿನವುಕ್ಕೆ, ಒಂದು ದಿನವೂ ತಪ್ಪಿಲ್ಲ ಎಂದರು. ಅವರ ಮಾತನ್ನು ಅನುಮಾನಿಸುವ ಹಾಗಿರಲಿಲ್ಲ. ತಪ್ಪು ಮಾಡಿದರೆ ಅವರ ಮುಖವೇ ಮೊದಲು ಹೇಳಿಬಿಡುತ್ತದೆ. ದೊರೆಗೆ ಬಲೆಯನ್ನು ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. ಚೆನ್ನಾಗಿದೆ, ಆದರೆ ಎಲ್ಲಿಂದ ಬಂತು ಅಂತ ನಿನಗೇ ಗೊತ್ತಿಲ್ಲದ್ದನ್ನು ನಂಬಿ ನಾನು ಮಂದೆ ಹೇಗೆ ಇಟ್ಟುಕೊಳ್ಳಲಿ ಎಂದಳು. ಲಾರಿ ಬರುವುದು ಬರುವುದೇ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನನಗೆ ಎಚ್ಚರವಾದದ್ದು ಗೋಡೆಯಾಚೆಯ ಗೊರಸಿನ ಸದ್ದಿಗೆ. ಕಿಟಕಿಯಿಂದ ನೋಡಿದರೆ ಹಳದಿ ಬೆನ್ನುಗಳೆಲ್ಲ ತೊಟ್ಟಿಗೆ ಮುತ್ತಿಕೊಂಡಿದ್ದವು, ಒಂದರ ಮೇಲೊಂದು ಕತ್ತು ಹಾಕಿ. ತೊಟ್ಟಿಯೊಳಗೆ ಬೀಳುತ್ತಿದ್ದ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿರಲಿಲ್ಲ. ಬೂದುಬಣ್ಣಕ್ಕಿತ್ತು.

ಆ ಬೂದುಬಣ್ಣ ನನಗೆ ಗೊತ್ತು. ಬರಿಗಾಲಲ್ಲೇ ಅಡುಗೆಮನೆಗೆ ಹೋದೆ.

ಅತ್ತೆ ಸೀರೆ ಎತ್ತಿಕಟ್ಟಿ ಬಚ್ಚಲಕಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಮುಂದೆ ಅಗಲದ ಪಾತ್ರೆ, ಪಕ್ಕದಲ್ಲಿ ನೀಲಿ ದಾರದ ಚೀಲ. ನನ್ನ ಬಾರ್ಲಿ ಕಾಳನ್ನು ಎರಡೂ ಅಂಗೈಯ ನಡುವೆ ಇಟ್ಟು ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಒಲೆಯ ಬಳಿ ಬಿಳಿ ಪಂಚೆಯ ಮೇಲೆ ಆಗಲೇ ಒಂದಷ್ಟು ಕಾಳು ಹರವಿತ್ತು. ಮುತ್ತಿನ ಹಾಗೆ ಹೊಳೆಯುತ್ತಿತ್ತು. ನನ್ನನ್ನು ಕಂಡು ಅವರು ಚೀಲವನ್ನು ಸೆರಗಿನ ಮರೆಗೆ ಎಳೆದುಕೊಂಡರು. ತಾನು ಕದ್ದದ್ದನ್ನಲ್ಲ, ಮಗು ಕದ್ದದ್ದನ್ನು ಮುಚ್ಚಿಡುವ ತಾಯಿಯ ಹಾಗೆ.

“ಏನ್ಮಾಡ್ತಿದ್ದೀರಿ ಅತ್ತೆ?”

ಅವರು ಬಾಗಿಲ ಕಡೆ ನೋಡಿ, ದೊರೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು. “ನೀನು ಮನಸ್ಸಿಗೆ ಹಚ್ಕೋಬೇಡ. ಆ ಹಾಲಿನ ವ್ಯಾನಲ್ಲಿ ಕ್ಯಾನಿನ ಪಕ್ಕ ಇಟ್ಟು ಈ ನೀಲಿ ದಾರದ ಚೀಲ ಒದ್ದೆ ಮಾಡ್ತಾನೆ ಅವನು. ಪ್ರತಿ ಸಲ ನಿನ್ನ ಕಾಳಿಗೆ ಬೂಷ್ಟು ಬಂದಿರುತ್ತೆ. ದೊರೆಗೆ ಗೊತ್ತಾದ್ರೆ ಸುಮ್ನಿರ್ತಾಳಾ? ನಮ್ಮತ್ತಿಗೆ ಮುಗ್ಗಲು ಕಾಳು ಕಳಿಸಿದ್ಲು ಅಂತ ಊರಿಗೆಲ್ಲ ಡಂಗುರ ಹೊಡೀತಾಳೆ. ಅದಕ್ಕೇ ಅವಳು ಏಳೋ ಮುಂಚೆ ತೊಳೆದು ಒಣಗಿಸಿಬಿಡ್ತೀನಿ. ಯಾರಿಗೂ ಹೇಳಿಲ್ಲ.”

ನಾನು ಅಲ್ಲೇ ನೆಲಕ್ಕೆ ಕೂತುಬಿಟ್ಟೆ.

ದಿನಾ, ಬೆಳಕು ಹರಿಯುವ ಮುಂಚೆ, ಮಂಡಿನೋವಿನ ಈ ಹೆಂಗಸು ತಣ್ಣೀರಿನಲ್ಲಿ ಕೈಯಿಟ್ಟು ನನ್ನ ಮಾನವನ್ನು ತೊಳೆಯುತ್ತಿದ್ದರು. ನನ್ನ ಲೋಟಗಳನ್ನು ಬೆಳಕಿಗೆ ಹಿಡಿದು ನೋಡಿದ ಆ ಕಣ್ಣುಗಳು ಇಷ್ಟು ವರ್ಷ ಇನ್ನೂ ಏನೇನು ಕಂಡು, ಏನೇನನ್ನು ಸದ್ದಿಲ್ಲದೆ ಮತ್ತೊಮ್ಮೆ ತೊಳೆದಿಟ್ಟಿದ್ದವೋ. ನಾನು ಅದನ್ನು ತಪ್ಪು ಹುಡುಕುವುದು ಎಂದುಕೊಂಡಿದ್ದೆ. ಅದು ತಪ್ಪು ಮುಚ್ಚುವುದಾಗಿತ್ತು.

ನಗು ಮೊದಲು ಬಂತೋ ಅಳು ಮೊದಲು ಬಂತೋ ತಿಳಿಯದು. ಅತ್ತೆ ಗಾಬರಿಯಾಗಿ, ಒದ್ದೆ ಕೈಯಲ್ಲೇ ನನ್ನ ತಲೆ ಮುಟ್ಟಿ, ಮುಂದಿನ ಸಲ ಚೀಲಕ್ಕೆ ಪ್ಲಾಸ್ಟಿಕ್ ಸುತ್ತಿ ಕಳಿಸು, ಅಷ್ಟೇ ತಾನೇ ಎಂದು ಸಮಾಧಾನ ಹೇಳತೊಡಗಿದರು. ನಾನು ಅವರ ಕೈ ಹಿಡಿದುಕೊಂಡೆ.

“ಅತ್ತೆ, ಆ ಬೂಷ್ಟೇ ಮದ್ದು.”

ಅವರು ಪಾತ್ರೆಯನ್ನು ನೋಡಿದರು, ನನ್ನನ್ನು ನೋಡಿದರು, ಗೋಡೆಯ ತೂತನ್ನು ನೋಡಿದರು. ಆಚೆಯಿಂದ ಕುರಿಗಳು ತೊಟ್ಟಿಯ ತಳ ನೆಕ್ಕುವ ಸದ್ದು ಕೇಳುತ್ತಿತ್ತು.

“ಹಾಗಾದ್ರೆ ನಾನು ಮದ್ದನ್ನ ತೊಳೆದು...”

“ಹಳದಿಯವುಕ್ಕೆ ಕುಡಿಸಿದ್ರಿ. ಮೇಲಿನವು ಪಾಪ ಬರೀ ಚೊಕ್ಕ ಕಾಳು ತಿಂದ್ವು.”

ಅಷ್ಟರಲ್ಲಿ ಬಾಗಿಲಲ್ಲಿ ದೊರೆ ನಿಂತಿದ್ದಳು, ಕೆದರಿದ ತಲೆ, ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು. ಎಲ್ಲಿಂದ ಕೇಳಿಸಿಕೊಂಡಳೋ, ಪೂರ್ತಿ ಕೇಳಿಸಿಕೊಂಡಿದ್ದಳು. ಅವಳ ಮುಖ ಮೊದಲು ಗಂಟಾಯಿತು, ಆಮೇಲೆ ತುಟಿಯ ಕೊನೆ ನಡುಗಿತು, ಆಮೇಲೆ ಚೌಕಟ್ಟು ಹಿಡಿದುಕೊಂಡು ಬಾಗಿ ಬಾಗಿ ನಕ್ಕಳು. ಎಷ್ಟೋ ವಾರಗಳಿಂದ ಆ ಮನೆಯಲ್ಲಿ ಕೇಳದಿದ್ದ ನಗು. ಅತ್ತೆಗೆ ಸಿಟ್ಟು ಬಂತು.

“ನಗ್ತೀಯಾ? ನಿನ್ನ ಬಾಯಿಗೆ ಹೆದರಿ ತಾನೇ ನಾನು ಹೀಗೆ ಮಾಡಿದ್ದು?”

“ಹೌದಮ್ಮ. ನನ್ನ ಬಾಯಿಂದಾನೇ ಅರ್ಧ ಮಂದೆ ಉಳೀತು ಅಂತಾಯ್ತು.”

ಹಾಗೆ ಆ ಮನೆಯಲ್ಲಿ ದಿನದ ಜಗಳ ಮತ್ತೆ ಶುರುವಾಯಿತು. ನನಗೆ ಅದು ಸಂಗೀತದ ಹಾಗೆ ಕೇಳಿಸಿತು.

ನಾವು ಮೂವರೂ ಗಾವಲಿಗೆ ಹೋದೆವು. ಹಳದಿ ಮರಿಯೊಂದನ್ನು ಹಿಡಿದು ದೊರೆ ಕಣ್ಣಿನ ರೆಪ್ಪೆ ಎಳೆದಳು. ಒಳಗೆ ಮಾಗಿದ ಹಣ್ಣಿನ ಕೆಂಪು. ಇನ್ನೊಂದು, ಮತ್ತೊಂದು. ಫೋನಿನಲ್ಲಿ ಇದನ್ನೇ ಅವಳು ನನ್ನ ಸೋಲೆಂದು ಹೇಳಿದ್ದಳು. ಈಗ ಮರಿಯನ್ನು ಎದೆಗೊತ್ತಿಕೊಂಡಳು. ಈ ಬೂಷ್ಟು ಕೆಲಸ ಮಾಡುತ್ತದೆಂದು ಹೇಳಲು ಅವಳಿಗೆ ನನ್ನ ಮಾತು ಬೇಕಿರಲಿಲ್ಲ. ನಾನು ಬಯಸಿದ ಕಡೆ ಗೆದ್ದಿದ್ದರೆ ಅತ್ತಿಗೆ ತನ್ನ ಮದ್ದಿಗೆ ತಾನೇ ತಾಳ ಹಾಕುತ್ತಾಳೆ ಎನ್ನಬಹುದಿತ್ತು. ಯಾರೂ ಬಯಸದ ಕಡೆ, ಯಾರಿಗೂ ತಿಳಿಯದ ಹಾಗೆ ಗೆದ್ದಿತ್ತು.

ಬಿಳಿಚಿಕೊಂಡ, ಊತ ಬಂದ ನೀಲಿ ಕುರಿಗಳಿಗೆಲ್ಲ ಪಶುವೈದ್ಯರು ಕೊಟ್ಟಿದ್ದ ಹೊಸ ಮದ್ದು ಕುಡಿಸಿ, ಕೆಳಗಿನ ಚೊಕ್ಕ ಹುಲ್ಲಿಗೆ ಬಿಟ್ಟೆವು. ಅವು ಬೇಲಿ ದಾಟಿ ಬಂದು, ನಾಚುತ್ತ, ತೊಟ್ಟಿಯನ್ನು ಮೂಸಿ ನೋಡಿದವು.

ದಲ್ಲಾಳಿ ಬಿಸಿಲೇರುವ ಹೊತ್ತಿಗೆ ಲಾರಿ ತಂದ. ಹಳದಿ ಬೆನ್ನುಗಳ ಮೇಲೆ ಕೈಯಾಡಿಸಿದಾಗ ಅವನ ಕಣ್ಣು ಅರಳಿತು. ಇವು ಸಾಯುತ್ತವೆ ಅಂತ ಯಾರು ಹೇಳಿದ್ದು ಎಂದ. ದೊರೆ ಸೊಂಟಕ್ಕೆ ಕೈ ಕೊಟ್ಟು, ಹೇಳಿದವಳು ಆಗ ನಿದ್ದೆಗಣ್ಣಲ್ಲಿದ್ದಳು, ಈಗ ಎದ್ದಿದ್ದಾಳೆ, ಕಾಫಿ ಕುಡಿದು ಹೋಗಿ ಎಂದಳು. ಅವನು ಖಾಲಿ ಲಾರಿಯಲ್ಲಿ ಹೋದ. ಕಾಫಿ ಮಾತ್ರ ಎರಡು ಲೋಟ ಕುಡಿದ. ಅವನ ಲೋಟವನ್ನು ನಾನೇ ತೊಳೆದಿಟ್ಟೆ. ಅತ್ತೆ ಎತ್ತಿ ಬೆಳಕಿಗೆ ಹಿಡಿದರು. ಈ ಸಲ ನಾನೂ ಪಕ್ಕದಲ್ಲಿ ನಿಂತು ನೋಡಿದೆ. ಅಂಚಿನಲ್ಲಿ ಕಾಫಿಯ ಕಲೆ ಇತ್ತು. ಇಬ್ಬರೂ ನಕ್ಕೆವು.

ನಡೆದದ್ದನ್ನೆಲ್ಲ ದೊಡ್ಡ ಡಾಕ್ಟರಿಗೆ ಒಂದೂ ಬಿಡದೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಬೀಜಕಣಗಳನ್ನು ನೀರಿನಲ್ಲಿ ಕೊಡಬಹುದೆಂದು ನಮಗ್ಯಾಕೆ ಇಲ್ಲಿಯವರೆಗೆ ಹೊಳೆಯಲಿಲ್ಲ ಎಂದು ಕೇಳಿದರು. ನಮ್ಮ ಕೋಣೆಯಲ್ಲಿ ಕಲಗಚ್ಚಿನ ತೊಟ್ಟಿ ಇಲ್ಲವಲ್ಲ ಸಾರ್ ಎಂದೆ.

ಈಗ ನೀಲಿ, ಹಳದಿ ಎರಡೂ ದಾರದ ಚೀಲದಲ್ಲಿ ಬೂಷ್ಟಿನ ಕಾಳೇ ಹೋಗುತ್ತದೆ. ಅತ್ತೆ ಅದನ್ನು ತೊಳೆಯುವುದಿಲ್ಲ. ತೊಳೆಯದಿರುವುದು ಅವರಿಗೆ ಎಷ್ಟು ಕಷ್ಟವೆಂದು ಕಾಳು ಹಾಕುವಾಗ ಅವರು ಮುಖ ಆಚೆ ತಿರುಗಿಸುವುದನ್ನು ನೋಡಿದರೆ ತಿಳಿಯುತ್ತದೆ. ಹೋದ ಸಲ ಬ್ರೆಡ್ಡಿನ ಒಂದು ಹಸಿರು ತುಂಡನ್ನು ಕಾಗದದಲ್ಲಿ ಸುತ್ತಿ ನನಗೆಂದೇ ಎತ್ತಿಟ್ಟಿದ್ದರು. ಇದು ಬರೀ ಬೂಷ್ಟು ಅತ್ತೆ, ಎಸೆಯಿರಿ ಎಂದಾಗ, ನಿನ್ನ ಬೂಷ್ಟುಗಳ ಜಾತಿ ನೆನಪಿಟ್ಟುಕೊಳ್ಳುವುದು ನನ್ನಿಂದಾಗದು ಎಂದು ಗೊಣಗಿದರು.

ಮಳೆ ಹಿಂದಾದ ಮೇಲೆ ಹೋದಾಗ ದೊರೆ ಬೇಲಿಯ ಬಳಿಯೇ ನನ್ನನ್ನು ತಡೆದು ನಿಲ್ಲಿಸಿದಳು. ಗದ್ದ ಊದಿಕೊಂಡಿದ್ದ ಆ ಎರಡು ಮರಿಗಳನ್ನು ಕಂಕುಳಲ್ಲಿ ಒಂದೊಂದು ಇರುಕಿಕೊಂಡಿದ್ದಳು. ಒಂದನ್ನು ನನ್ನ ಕೈಗೆ ತುರುಕಿ, ಅದರ ರೆಪ್ಪೆ ಎಳೆದು ತೋರಿಸಿದಳು. ಕೆಂಪು. ಇನ್ನೊಂದರದೂ. ಹಾಗೇ ಅದೇ ಹೆಬ್ಬೆರಳಿನಿಂದ, ನಾನು ಬೇಡ ಬೇಡ ಎನ್ನುತ್ತಿದ್ದರೂ ಬಿಡದೆ, ನನ್ನ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ಬಿಸಿಲಿಗೆ ಹಿಡಿದು ನೋಡಿದಳು.

“ನಿನ್ನದೂ ಕೆಂಪಗಿದೆ ಅತ್ತಿಗೆ,” ಅಂದಳು. “ನಿನ್ನನ್ನೂ ಕೊಡಲ್ಲ.”